ಆರ್ಚ್‌ಬಿಷಪ್ ವಿಜಯ

ಯುರೋಪಿನ ಕನ್ನಡಿಗರ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ೨೦೨೧ರ ಮಾರ್ಚ್ ತಿಂಗಳಲ್ಲಿ ನೆದರ್ಲ್ಯಾಂಡ್ಸಿನ ನಮ್ಮ ಬಳಗವನ್ನು ಎರಡು ಪಾಲಾಗಿ ಸೀಳಿದ ಮಹಾಪ್ರಶ್ನೆಯನ್ನು ಅವರು ಬಿಟ್ಟುಬಿಡುವಂತಿಲ್ಲ. ಪ್ರಶ್ನೆ ಹೀಗಿತ್ತು: ತಾಳಮದ್ದಳೆಯಲ್ಲಿ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರ ಅರ್ಥ ಹೇಳುವವರು ಕೆಂಪು ಶಾಲು ಹೊದೆಯಬಹುದೇ, ಅಥವಾ ಎಲ್ಲರ ಹಾಗೆ ಬಿಳಿಯದೇ ಆಗಬೇಕೇ?

ಹೊರಗೆ ರಾತ್ರಿಯ ಕರ್ಫ್ಯೂ ಇತ್ತು. ಅಂಗಡಿಗಳು ಮುಚ್ಚಿದ್ದವು, ಆಸ್ಪತ್ರೆಗಳು ತುಂಬಿದ್ದವು, ಒಂದು ಮನೆಗೆ ದಿನಕ್ಕೊಬ್ಬರೇ ಅತಿಥಿ ಎಂದು ಸರ್ಕಾರ ಹೇಳಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಶಾಲು. ಬೆಂಗಳೂರು ಮೈಸೂರಿನ ಕಡೆಯವರು ಕೆಂಪಿನ ಪಕ್ಷ. ನೋಡಲು ಚೆಂದ ಎಂಬುದು ಅವರ ಸಿದ್ಧಾಂತ. ಉಡುಪಿ ಮಂಗಳೂರಿನ ಕಡೆಯವರು ಬಿಳಿಯ ಪಕ್ಷ. ತಾಳಮದ್ದಳೆ ಅವರ ಊರಿನದು, ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಪಂಚೆಯುಟ್ಟು ಕುಳಿತವರು ಆ ಪದ್ಯದ ಅರ್ಥವನ್ನು ತಮ್ಮ ಪಾತ್ರವಾಗಿ ಕುಳಿತಲ್ಲೇ ಕಟ್ಟಿ ಹೇಳುತ್ತಾರೆ, ಎದುರಿನವರು ಅದನ್ನು ಕೆಡವುತ್ತಾರೆ. ಕಥೆಯಲ್ಲಿ ಯಾರು ಗೆಲ್ಲಬೇಕೆಂಬುದು ಪದ್ಯದಲ್ಲೇ ಇರುತ್ತದೆ. ಎಷ್ಟು ಬೆವರು ಸುರಿಸಿ ಗೆಲ್ಲಬೇಕೆಂಬುದು ಮಾತ್ರ ಎದುರಾಳಿಯ ಕೈಯಲ್ಲಿರುತ್ತದೆ.

ಕೊನೆಗೆ ತೀರ್ಪು ಕೊಟ್ಟವರು ಆರ್ಚ್‌ಬಿಷಪ್ಪರ ಅರ್ಥ ಹೇಳಬೇಕಾಗಿದ್ದ ಹರಿಶ್ಚಂದ್ರರೇ. ಅವರ ಧ್ವನಿ ಸಂದೇಶ ಬಂತು. “ಕೆಂಪು ಬಾಯಲ್ಲಿ ಬರ್ಬೇಕು ಮಾರಾಯ್ರೇ, ಹೆಗಲಲ್ಲಿ ಅಲ್ಲ. ಬಿಳಿ ಶಾಲು. ಇನ್ನು ಯಾರೂ ಫೋಟೊ ಕಳಿಸ್ಬೇಡಿ.” ಮಹಾಪ್ರಶ್ನೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಸಣ್ಣ ಪ್ರಶ್ನೆ ಉಳಿದಿತ್ತು. ಎಪ್ಪತ್ತೊಂದರ ಹರಿಶ್ಚಂದ್ರರು ಕೊರೋನಾ ಲಸಿಕೆ ಹಾಕಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದು. ಅದನ್ನು ಗುಂಪಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವರ ಹೆಂಡತಿ ವಿನೋದಾ ಮತ್ತು ಸೊಸೆ ಪೂಜಿತಾ ಮಾತ್ರ ಬೇರೆ ಏನನ್ನೂ ಯೋಚಿಸುತ್ತಿರಲಿಲ್ಲ.

ಹರಿಶ್ಚಂದ್ರರು ಹಡಗಿನ ಎಂಜಿನಿಯರಾಗಿ ರಾಟರ್‌ಡ್ಯಾಮಿಗೆ ಬಂದವರು. ಹಡಗು ಹೋಯಿತು, ಇವರು ಉಳಿದರು. ನಿವೃತ್ತರಾಗಿ ಜೂಟರ್‌ಮೀರ್‌ನ ಸಾಲುಮನೆಯೊಂದರಲ್ಲಿ, ಹಿತ್ತಲಲ್ಲಿ ಬಸಳೆ ಬೆಳೆಯುವ ವ್ಯರ್ಥ ಪ್ರಯತ್ನ ಮಾಡುತ್ತ ಇದ್ದರು. ಹಡಗಿನ ದಿನಗಳಲ್ಲಿ ಕ್ಷಯ ಹಿಡಿದು ಒಂದು ಶ್ವಾಸಕೋಶ ಅರ್ಧ ಹಾಳಾಗಿತ್ತು. ಇದ್ದ ಉಸಿರಿನಲ್ಲೇ ಅವರು ಎಂಥೆಂಥ ಎದುರಾಳಿಗಳ ಉಸಿರು ನಿಲ್ಲಿಸಿದ್ದರೆಂದರೆ, ಲಂಡನ್ನಿನಿಂದ, ಫ್ರಾಂಕ್‌ಫರ್ಟಿನಿಂದ ಅರ್ಥಧಾರಿಗಳು ಬಂದು ಸೋತು, ವಿನೋದಾ ಮಾಡಿದ ಪತ್ರೊಡೆ ತಿಂದು ಸಮಾಧಾನ ಪಟ್ಟುಕೊಂಡು ಹೋಗುತ್ತಿದ್ದರು. ಅವರ ಜೊತೆ ಮದ್ದಳೆ ನುಡಿಸುತ್ತಿದ್ದ ಶೇಷಾದ್ರಿ ಹಿಂದಿನ ವರ್ಷ, ಮೊದಲ ಅಲೆಯಲ್ಲೇ ತೀರಿಕೊಂಡಿದ್ದರು. ಅಂತ್ಯಕ್ರಿಯೆಯನ್ನು ನಾವೆಲ್ಲ ಪರದೆಯ ಮೇಲೆ ನೋಡಿದೆವು. ಆಮೇಲೆ ನಮ್ಮ ಆನ್‌ಲೈನ್ ಕೂಟಗಳಿಗೆ ಅವರು ಹಿಂದೆಂದೋ ನುಡಿಸಿದ ಧ್ವನಿಮುದ್ರಿಕೆಯೇ ಮದ್ದಳೆ.

ಪೂಜಿತಾ ಹೇಗ್ ನಗರದ ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗದಲ್ಲಿ ಫಿಸಿಯೊಥೆರಪಿಸ್ಟ್. ರೋಗಿಗಳಿಗೆ ಮತ್ತೆ ಉಸಿರಾಡುವುದನ್ನು ಕಲಿಸುವುದು ಅವಳ ಕೆಲಸ. ಕಲಿಯದೆ ಹೋದವರನ್ನೂ ಆ ವರ್ಷ ಬೇಕಾದಷ್ಟು ನೋಡಿದ್ದಳು. ಹಾಗಾಗಿ ಅತ್ತೆ ಮಾವನ ಮನೆಯೊಳಗೆ ಅವಳು ಕಾಲಿಡುತ್ತಿರಲಿಲ್ಲ. ಭಾನುವಾರ ಸೈಕಲ್ಲಿನಲ್ಲಿ ಬಂದು ಹಿತ್ತಲಲ್ಲಿ ನಿಲ್ಲುವಳು. ವಿನೋದಾ ಅಡುಗೆಮನೆಯ ಕಿಟಕಿಯಿಂದ ಡಬ್ಬಿ ಚಾಚುವರು. ಹರಿಶ್ಚಂದ್ರರು ಒಳಗಿನ ಮೇಜಿನಿಂದಲೇ ವಾದ ಚಾಚುವರು.

“ಮಾವ, ಮುಂದಿನ ತಿಂಗಳು ನಿಮ್ಮ ವಯಸ್ಸಿನವರಿಗೆ ಕರೆ ಬರ್ತದೆ. ಬಂದ ಕೂಡ್ಲೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಬೇಕು.”

“ಒಂದು ವರ್ಷದಲ್ಲಿ ಮಾಡಿದ ಮದ್ದು ಅದು. ದೋಸೆ ಹಿಟ್ಟು ಹುಳಿ ಬರ್ಲಿಕ್ಕೇ ಒಂದು ರಾತ್ರಿ ಬೇಕು.”

“ನಿಮ್ಮ ಎಡಗಡೆ ಲಂಗ್ಸ್ ಹೇಗುಂಟು ಅಂತ ನನಗೆ ಗೊತ್ತುಂಟು. ನಾನು ಎಕ್ಸ್‌ರೇ ನೋಡಿದ್ದೇನೆ.”

“ಹಾಗಾದ್ರೆ ಬಲಗಡೆದ್ದೂ ನೋಡಿರ್ಬೇಕಲ್ಲ. ಅದು ಚಂದ ಉಂಟು. ಮತ್ತೆ ನಾನು ಹೊರಗೆ ಹೋಗುದೇ ಇಲ್ಲ. ರೋಗ ಏನು, ಬೆಲ್ ಒತ್ತಿ ಬರ್ತದಾ?”

“ಮಾವ...”

“ಆಯುಸ್ಸು ಬರೆದಷ್ಟೇ, ಪೂಜಿತಾ. ಮತ್ತೆ ಇನ್ನೊಂದು ಹೇಳ್ತೇನೆ ಕೇಳು. ನನ್ನ ಕೈ ನನ್ನದು. ಸರ್ಕಾರ ಹೇಳ್ತು ಅಂತ ಚಾಚುವವ ನಾನಲ್ಲ.”

ವಿನೋದಾ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದರು. ಪೂಜಿತಾ ಬಿಸಿ ಡಬ್ಬಿ ಹಿಡಿದು, ಬಸಳೆಯ ಒಣಗಿದ ಬಳ್ಳಿ ದಾಟಿ ಸೈಕಲ್ ಹತ್ತುತ್ತಿದ್ದಳು. ಪ್ರತಿ ಭಾನುವಾರವೂ ಇದೇ ನಾಲ್ಕು ವಾದ, ಇದೇ ಅನುಕ್ರಮದಲ್ಲಿ.

ಆರ್ಚ್‌ಬಿಷಪ್ಪರನ್ನು ಪತ್ತೆ ಮಾಡಿದವಳೂ ಪೂಜಿತಾಳೇ. ನಡೆಯುವುದೊಂದನ್ನು ಬಿಟ್ಟು ಉಳಿದ ಎಲ್ಲ ಮನರಂಜನೆಗೂ ಬೀಗ ಬಿದ್ದಿದ್ದ ಕಾಲ. ಡಚ್ಚರೆಲ್ಲ ನಡೆಯುತ್ತಿದ್ದರು, ಅವರನ್ನು ನೋಡಿ ನಾವೂ ನಡೆಯುತ್ತಿದ್ದೆವು. ಹಾಗೆ ಗಂಡ ಅಶ್ವಿತ್‌ನ ಜೊತೆ ಬ್ರಬಾಂಟ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ನಡೆಯುವಾಗ, ಔಷಧಿ ಅಂಗಡಿಯ ಮೇಲಿನ ಗೋಡೆಯಲ್ಲಿ ಒಂದು ಕಲ್ಲು ಕಂಡಿತು. ‘ಈ ಮನೆಯ ಮಹಡಿಯಲ್ಲಿ ಆರ್ಚ್‌ಬಿಷಪ್ ಲಾಂಬರ್ಟ್ ವಾನ್ ಹೋಯೆನ್‌ಸ್ಟಾಲ್ ದೇಶಭ್ರಷ್ಟರಾಗಿ ವಾಸವಿದ್ದರು.’ ಆರ್ಚ್‌ಬಿಷಪ್ಪರೊಬ್ಬರು ಔಷಧಿ ಅಂಗಡಿಯ ಮಹಡಿಗೆ ಬಾಡಿಗೆಗೆ ಬಂದದ್ದು ಹೇಗೆ ಎಂಬ ಕುತೂಹಲಕ್ಕೆ ಅವಳು ಹುಡುಕಿ ಓದಿದಳು. ಓದುತ್ತ ಹೋದ ಹಾಗೆ ಅವಳ ತಲೆಯಲ್ಲಿ ಒಂದು ಸಂಚು ಹುಟ್ಟಿತು.

ಲಾಂಬರ್ಟರ ಬದುಕು ಸಂಚಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೌಂಟ್ ಮನೆತನದ ಹಿರಿಯ ಮಗ. ಕೋಟೆ, ಕಾಡು, ಬೇಟೆನಾಯಿಗಳು ಎಲ್ಲ ಅವರ ಹೆಸರಿಗೇ ಬರಬೇಕಾಗಿದ್ದವು. ಬಾಲ್ಯದಲ್ಲಿ ಕೋಟೆಗೆ ಸಿಡುಬು ಬಂದಾಗ ಉತ್ತರಾಧಿಕಾರಿ ಎಂಬ ಕಾರಣಕ್ಕೆ ಇವರೊಬ್ಬರನ್ನೇ ಗಾಡಿ ಹತ್ತಿಸಿ ದೂರದ ಇನ್ನೊಂದು ಮನೆಗೆ ಸಾಗಿಸಿದರು. ತಮ್ಮ ಕೋಟೆಯಲ್ಲೇ ಉಳಿದ. ಅವನೂ, ಅಡುಗೆಯವಳ ಇಬ್ಬರು ಮಕ್ಕಳೂ ಸತ್ತರು. ತಮ್ಮನನ್ನು ಬಿಟ್ಟು ತನ್ನನ್ನು ಉಳಿಸಿದ ಆಸ್ತಿ ತನಗೆ ಬೇಡವೆಂದು ಲಾಂಬರ್ಟರು ಪ್ರಾಯಕ್ಕೆ ಬಂದ ಮೇಲೆ ಅದನ್ನು ಚಿಕ್ಕಪ್ಪನ ಮಗನಿಗೆ ಬರೆದುಕೊಟ್ಟು ಪಾದ್ರಿಯಾದರು. ಆದರೂ ಹುಟ್ಟಿದ ಮನೆಯ ದೊಡ್ಡಸ್ತಿಕೆ ಬೆನ್ನು ಬಿಡಲಿಲ್ಲ. ಕೌಂಟ್ ಮನೆಯವರೆಂದೇ ಎಳೆಯ ವಯಸ್ಸಿಗೆ ಆರ್ಚ್‌ಬಿಷಪ್ ಪೀಠ ಹುಡುಕಿಕೊಂಡು ಬಂತು. ಪೀಠವನ್ನು ಒಪ್ಪಿಕೊಂಡರು, ಅದರ ಅಡುಗೆಯವರಲ್ಲಿ ಅರ್ಧದಷ್ಟು ಜನರನ್ನು ಊರಿನ ಅನಾಥಾಲಯಕ್ಕೆ ಕಳಿಸಿಕೊಟ್ಟರು. ಅದು ತತ್ತ್ವಜ್ಞಾನಿಗಳ ಕಾಲ. ಸಭ್ಯರೆಲ್ಲ ದೇವರನ್ನು ಅನುಮಾನಿಸುವುದು ಫ್ಯಾಷನ್ನಾಗಿತ್ತು. ಇವರು ನಿಷೇಧಿತ ಪುಸ್ತಕಗಳನ್ನೆಲ್ಲ ತರಿಸಿ, ಪೆನ್ಸಿಲ್ ಹಿಡಿದು ಓದಿ, ಸಂತರ ಪುಸ್ತಕಗಳ ಪಕ್ಕದಲ್ಲೇ ಇಟ್ಟರು. ಕೇಳಿದವರಿಗೆ, ಎರಡಕ್ಕೂ ಧೂಳು ಒಂದೇ ಥರ ಕೂರುತ್ತದೆ ಎಂದರಂತೆ.

ಮುಂದೆ ಅವರ ಊರಿಗೇ ಸಿಡುಬು ಬಂತು. ವಿಯೆನ್ನಾದ ಅರಮನೆಯಿಂದ ವೈದ್ಯನೊಬ್ಬ ಬಂದು, ಸಿಡುಬಿನ ಕೀವನ್ನೇ ಸೂಜಿಯಿಂದ ತೋಳಿಗೆ ಚುಚ್ಚಿ ರೋಗ ತಡೆಯುವ ಹೊಸ ಉಪಾಯ ಹೇಳಿದ. ಕ್ಯಾಥೆಡ್ರಲಿನ ಹಿರಿಯ ಪಾದ್ರಿಗಳು, ಕೆನನ್ ಎನಿಸಿಕೊಳ್ಳುವವರು, ಇದು ದೈವದ್ರೋಹವೆಂದು ಕೂಗೆಬ್ಬಿಸಿದರು. ಆರ್ಚ್‌ಬಿಷಪ್ಪರು ಕ್ಯಾಥೆಡ್ರಲಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿ, ಇಡೀ ಊರು ನೋಡುತ್ತಿರುವಾಗ ತಮ್ಮ ತೋಳನ್ನೇ ಮೊದಲು ಒಡ್ಡಿದರು. ಎರಡನೆಯವರಾಗಿ ಕುಳಿತವರು ವಾದದಲ್ಲಿ ಸೋತ ಹಿರಿಯ ಕೆನನ್.

ಇದನ್ನು ಪ್ರಸಂಗ ಮಾಡಿ ಮಾವನಿಂದ ಆರ್ಚ್‌ಬಿಷಪ್ಪರ ಅರ್ಥ ಹೇಳಿಸಿದರೆ, ಮಾವ ತಮ್ಮ ಬಾಯಿಂದ ತಾವೇ ಲಸಿಕೆಯ ಪರ ವಾದಿಸಬೇಕಾಗುತ್ತದೆ. ವಾದಿಸಿದ ಮೇಲೆ ಹಾಕಿಸಿಕೊಳ್ಳದೆ ಹೇಗಿದ್ದಾರು? ಇದು ಪೂಜಿತಾಳ ಲೆಕ್ಕಾಚಾರ. ಆಮ್ಸ್ಟರ್‌ಡ್ಯಾಮಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಬರೆಯುವ, ರಹಸ್ಯವಾಗಿ ಷಟ್ಪದಿಯನ್ನೂ ಬರೆಯುವ ಮೈಸೂರಿನ ತ್ಯಾಗರಾಜ ಪದ್ಯಗಳನ್ನು ಕಟ್ಟಿದ. ಪ್ರಸಂಗಕ್ಕೆ ‘ಆರ್ಚ್‌ಬಿಷಪ್ ವಿಜಯ’ ಎಂದು ಹೆಸರಿಟ್ಟ. ಯುಟ್ರೆಕ್ಟಿನ ಜಯದೇವ ಭಾಗವತಿಕೆಗೆ ಒಪ್ಪಿದ. ಕೆನನ್ ಪಾತ್ರಕ್ಕೆ ತ್ಯಾಗರಾಜನೇ.

ಹರಿಶ್ಚಂದ್ರರು ಪಾತ್ರವನ್ನು ಸಂತೋಷದಿಂದಲೇ ಒಪ್ಪಿಕೊಂಡರು. ಅರೆಬರೆ ಓದಿ ಅರ್ಥ ಹೇಳಿದವರಲ್ಲ; ಡಚ್ಚಿನಲ್ಲಿ ಸಿಕ್ಕಿದ್ದನ್ನೆಲ್ಲ ತರಿಸಿ ಓದಿದರು. ಮುಂದಿನ ಭಾನುವಾರ ಪೂಜಿತಾ ಹಿತ್ತಲಿಗೆ ಬಂದಾಗ ಅವರೇ ಕಿಟಕಿಯ ಬಳಿ ಕಾಯುತ್ತಿದ್ದರು.

“ಪೂಜಿತಾ, ನಿನ್ನ ಆರ್ಚ್‌ಬಿಷಪ್ ಭಾರೀ ಜನ ಮಾರಾಯ್ತಿ!”

“ಅಲ್ವಾ ಮಾವ?” ಅವಳ ಮುಖ ಅರಳಿತು.

“ಗೊತ್ತುಂಟಾ, ವಿಯೆನ್ನಾದ ಚಕ್ರವರ್ತಿ ‘ನಿನ್ನ ಪಾದ್ರಿ ಶಾಲೆ ಮುಚ್ಚು, ನನ್ನದಕ್ಕೆ ಮಕ್ಕಳನ್ನು ಕಳಿಸು’ ಅಂದ. ಇವರು ಇಲ್ಲ ಅಂದ್ರು. ಆಮೇಲೆ ಫ್ರೆಂಚರ ಗಣರಾಜ್ಯ ಬಂತು. ‘ನಮ್ಮ ಹೆಸರಲ್ಲಿ ಪ್ರಮಾಣ ಮಾಡು’ ಅಂದ್ರು. ಅದಕ್ಕೂ ಇಲ್ಲ. ಎಪ್ಪತ್ತೊಂದನೇ ವಯಸ್ಸಿಗೆ ಎತ್ತಿನ ಗಾಡಿಯಲ್ಲಿ ಹಾಕಿ ಗಡಿ ದಾಟಿಸಿದ್ರು. ಅರಮನೆ ಹೋಯ್ತು, ಪೀಠ ಹೋಯ್ತು, ಔಷಧಿ ಅಂಗಡಿ ಮೇಲೆ ಒಂದು ಕೋಣೆ. ಆದ್ರೂ ಸಹಿ ಹಾಕ್ಲಿಲ್ಲ! ಎಪ್ಪತ್ತೊಂದು, ಲೆಕ್ಕ ಮಾಡು, ನನ್ನದೇ ಪ್ರಾಯ.”

“ಹ್ಞಾಂ, ಮಾವ, ಆದ್ರೆ...”

“ಸರ್ಕಾರ ಹೇಳಿದ್ದಕ್ಕೆ ಒಂದು ಸಲವೂ ಹೂಂ ಅನ್ಲಿಲ್ಲ. ನನಗೆ ಮೊದಲೇ ಇವರ ಕತೆ ಗೊತ್ತಿದ್ರೆ ನಿನ್ನ ಹತ್ರ ಇಷ್ಟು ವಾದ ಮಾಡುವ ಅಗತ್ಯವೇ ಇರ್ಲಿಲ್ಲ. ಹೆಸರು ಹೇಳಿದ್ರೆ ಸಾಕಿತ್ತು.”

ಪೂಜಿತಾ ಡಬ್ಬಿ ತೆಗೆದುಕೊಳ್ಳುವುದನ್ನೂ ಮರೆತು ಹೋದಳು. ಆ ಸಂಜೆ ಜಯದೇವನಿಗೆ ಫೋನ್ ಮಾಡಿ ಪ್ರಸಂಗವನ್ನೇ ನಿಲ್ಲಿಸೋಣ ಎಂದಳಂತೆ. ಜಯದೇವ, ಲಿಂಕ್ ಕಳಿಸಿ ಆಗಿದೆ ಎಂದ. ನಮ್ಮಲ್ಲಿ ಲಿಂಕ್ ಕಳಿಸುವುದೆಂದರೆ ಮದುವೆಯ ಕರೆಯೋಲೆ ಹಂಚಿದ ಹಾಗೆ.

ಊರಿನಲ್ಲಾದರೆ ಬೆಳಗಿನ ತನಕ ನಡೆಯಬೇಕಾದ ಕಲೆ, ನಮ್ಮಲ್ಲಿ ಏಪ್ರಿಲ್ ಮೊದಲ ವಾರದ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಶುರುವಾಗಬೇಕಿತ್ತು. ಪರದೆಯ ತುಂಬ ಚೌಕಗಳು; ಚೌಕಕ್ಕೊಂದು ಮನೆ, ಮನೆಗೊಂದು ಸೋಫಾ. ಹರಿಶ್ಚಂದ್ರರು ಬಿಳಿ ಶಾಲು ಹೊದ್ದು, ಹಿಂದಿನ ಗೋಡೆಯ ಕ್ಯಾಲೆಂಡರನ್ನು ತೆಗೆಸಿ, ಸಿಂಹಾಸನದ ಮೇಲೆ ಕುಳಿತ ಹಾಗೆ ಊಟದ ಕುರ್ಚಿಯಲ್ಲಿ ಕುಳಿತಿದ್ದರು. ಶುರುವಾಗಲು ಇನ್ನೇನು ಹತ್ತು ನಿಮಿಷವಿದೆ ಎನ್ನುವಾಗ ತ್ಯಾಗರಾಜನ ಧ್ವನಿ ಬಂತು.

“ಅಂಕಲ್, ತಪ್ಪು ತಿಳ್ಕೋಬೇಡಿ. ನನ್ ಕೈಲಿ ಆಗಲ್ಲ. ರಿಹರ್ಸಲ್‌ನಲ್ಲೇ ನೀವು ನನ್ನನ್ನ ‘ಮೂಢ’ ಅಂದಾಗ ಎರಡು ದಿನ ನಿದ್ದೆ ಬಂದಿಲ್ಲ.”

“ಅದು ನಿನಗೆ ಅಲ್ಲವಾ, ಕೆನನ್‌ಗೆ ಹೇಳಿದ್ದು!”

“ಕೆನನ್‌ಗೂ ನಿದ್ದೆ ಬಂದಿಲ್ಲ ಅಂಕಲ್. ಪದ್ಯ ಬರ್ದಿದೀನಲ್ಲ, ಅಷ್ಟು ಸಾಕು ಬಿಡಿ.”

ಎದುರಾಳಿಯಿಲ್ಲದೆ ತಾಳಮದ್ದಳೆಯಿಲ್ಲ. ಚೌಕಗಳಲ್ಲಿ ಎಲ್ಲರೂ ಏಕಕಾಲಕ್ಕೆ ತಮ್ಮ ಫೋನುಗಳನ್ನು ನೋಡತೊಡಗಿದರು. ಆಗ ಹರಿಶ್ಚಂದ್ರರ ಚೌಕದೊಳಗೇ, ಹಿಂದುಗಡೆ, ಕಾಫಿ ಲೋಟ ಹಿಡಿದು ಹೋಗುತ್ತಿದ್ದ ವಿನೋದಾ ನಿಂತರು.

“ನಾನು ಹೇಳ್ತೇನೆ.”

ಹರಿಶ್ಚಂದ್ರರು ತಿರುಗಿ ನೋಡಿದರು. “ಎಂತ ಹೇಳುದು?”

“ಕೆನನ್‌ದ್ದು.”

“ನೀನು ಯಾವತ್ತು ಅರ್ಥ ಹೇಳಿದ್ದು ಮಾರಾಯ್ತಿ?”

“ಹೇಳ್ಲಿಲ್ಲ. ಮದುವೆ ಆದಾಗಿನಿಂದ ಕೇಳಿದ್ದೇನೆ. ಬಚ್ಚಲಲ್ಲಿ ಕೂಡ.”

ಹರಿಶ್ಚಂದ್ರರು ನಕ್ಕರು. ಜಯದೇವ, “ಆಗ್ಬಹುದು ವಿನೋದಕ್ಕ, ಆದ್ರೆ ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಆದ್ರೆ ಪ್ರತಿಧ್ವನಿ ಬರ್ತದೆ,” ಎಂದ. ವಿನೋದಾ ಲೋಟವನ್ನು ಗಂಡನ ಮುಂದಿಟ್ಟು, ಒಂದು ಶಾಲು ತೆಗೆದುಕೊಂಡು ಮಹಡಿ ಹತ್ತಿ ಮಲಗುವ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಹೊಸ ಚೌಕವೊಂದು ತೆರೆದುಕೊಂಡಿತು. ಹಿಂದೆ ಮಡಿಚಿಟ್ಟ ಕಂಬಳಿಗಳು, ಮುಂದೆ ಕೆನನ್.

ಶೇಷಾದ್ರಿಯವರ ಮದ್ದಳೆ ಧ್ವನಿಮುದ್ರಿಕೆಯಿಂದ ಎದ್ದಿತು. ಜಯದೇವ ತಾಳ ಹಾಕಿ ಹಾಡಿದ:

ಕೇಳು ಕೆನನನೆ ಕೊಂಕು ನುಡಿಯದೆ
ತೋಳ ನೀಡುವೆ ಮೊದಲು ನಾನೇ
ಹಾಳು ಭಯವನು ಬಿಟ್ಟು ಬರಲೀ ಊರ ಜನರೆಲ್ಲಾ

ಹರಿಶ್ಚಂದ್ರರು ಗಂಟಲು ಸರಿಮಾಡಿಕೊಂಡರು. ಹಿತ್ತಲ ಕಿಟಕಿಯ ಹರಿಶ್ಚಂದ್ರರು ಅಲ್ಲಿರಲಿಲ್ಲ. ನೇರ ಬೆನ್ನಿನ, ಮೆಲುದನಿಯ, ಕೌಂಟ್ ಮನೆಯ ಹಿರಿಮಗನೊಬ್ಬ ಕುಳಿತಿದ್ದ. ಕೋಟೆಯ ಬಗ್ಗೆ, ಬಿಟ್ಟುಬಂದ ಆಸ್ತಿಯ ಬಗ್ಗೆ, ಊರಿನ ಬೀದಿಗಳಲ್ಲಿ ಮುಚ್ಚಿದ ಬಾಗಿಲುಗಳ ಬಗ್ಗೆ ಆತ ಹೇಳುತ್ತ ಹೋದ. ಮೈಸೂರಿನ ಕಡೆಯವರಾದ ನಮಗೂ ಕೆಂಪು ಶಾಲು ಏಕೆ ಬೇಡವಾಗಿತ್ತೆಂದು ಆಗ ಅರ್ಥವಾಯಿತು.

“ಹೇಳಿ ಕೆನನರೇ,” ಎಂದು ಮುಗಿಸಿದರು. “ತಮ್ಮ ಆಕ್ಷೇಪವೇನು?”

ಕೆನನ್ ಕಣ್ಣು ತಗ್ಗಿಸಿಯೇ ಮಾತಾಡಿದರು. “ಸ್ವಾಮಿ, ನಿನ್ನೆ ಮೊನ್ನೆ ಹುಟ್ಟಿದ ಉಪಾಯವಿದು. ಒಂದು ರೊಟ್ಟಿಯ ಹಿಟ್ಟು ಉಬ್ಬಬೇಕಾದರೂ ಒಂದು ರಾತ್ರಿ ಕಾಯಬೇಕು. ಇಷ್ಟು ಅವಸರದ ಔಷಧವನ್ನು ನಂಬುವುದು ಹೇಗೆ?”

ಪೂಜಿತಾಳ ಚೌಕದಲ್ಲಿ ಅವಳ ತಲೆ ಫಕ್ಕನೆ ಮೇಲಕ್ಕೆದ್ದಿತು. ಹರಿಶ್ಚಂದ್ರರಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. ಮಾತು ಎದುರಿಗೆ ಬಂದರೆ ಹೊಡೆಯುವುದೊಂದೇ ಅವರಿಗೆ ಗೊತ್ತು.

“ಹಿಟ್ಟು ಉಬ್ಬಿದ್ದು ಒಂದು ರಾತ್ರಿಯಲ್ಲಿ, ಒಪ್ಪಿದೆ. ಆ ಗೋಧಿ ಬೆಳೆದದ್ದೂ ಒಂದೇ ರಾತ್ರಿಯಲ್ಲೋ? ಗಿರಣಿಯ ಕಲ್ಲು ಕಡೆದದ್ದು? ಒಲೆ ಕಟ್ಟಲು ಕಲಿತದ್ದು? ರೊಟ್ಟಿ ತಿನ್ನುವಾಗ ತಲೆಮಾರುಗಳ ದುಡಿಮೆ ತಿನ್ನುತ್ತೀರಿ, ಎಣಿಸುವಾಗ ಮಾತ್ರ ಒಂದು ರಾತ್ರಿ ಎಣಿಸುತ್ತೀರಿ. ಮುಂದಕ್ಕೆ ಹೇಳಿ.”

“ನಾನು ಮಠದ ಬಾಗಿಲು ದಾಟುವವನಲ್ಲ ಸ್ವಾಮಿ. ರೋಗವೇನು ಗಂಟೆ ಬಾರಿಸಿ ಒಳಗೆ ಬರುವುದೇ?”

“ತಮಗೆ ಊಟ ತಂದಿಡುವವಳು ಬಾಗಿಲು ದಾಟಿಯೇ ಬರುತ್ತಾಳಲ್ಲ. ತಾವು ಕದಲದೆ ಕುಳಿತಿರುವುದು ಅವಳು ಅಲೆದಾಡುವುದರಿಂದ. ತಮ್ಮ ಪಾಲಿನ ಅಪಾಯವನ್ನು ಅವಳ ಬುಟ್ಟಿಗೆ ಹಾಕಿ, ತಾವು ಹೊರಗೇ ಹೋಗುವುದಿಲ್ಲವೆಂದು ಮೀಸೆ ತಿರುವುತ್ತೀರಾ?”

ಆ ಇಡೀ ವರ್ಷ ಮಾಸ್ಕ್ ಕಟ್ಟಿಕೊಂಡು ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದವರು ವಿನೋದಾ. ಕೆನನ್ ಒಂದು ಕ್ಷಣ ಶಾಲಿನ ಅಂಚು ನೋಡಿದರು. ಆಮೇಲೆ, “ಆಯುಸ್ಸು ದೇವರು ಬರೆದಷ್ಟೇ ಅಲ್ಲವೇ?” ಎಂದರು.

“ಹಾಗಿದ್ದರೆ ರಾತ್ರಿ ತಮ್ಮ ಕೋಣೆಗೆ ಚಿಲಕವೇಕೆ ಹಾಕಿಕೊಳ್ಳುತ್ತೀರಿ? ಕಳ್ಳನಿಗೆ ದೇವರು ಬರೆದಿಲ್ಲವೇ?”

ಚೌಕಗಳಲ್ಲೆಲ್ಲ ನಗು. ಯಾರೋ ಶಿಳ್ಳೆ ಹೊಡೆದರು. ಹರಿಶ್ಚಂದ್ರರ ಕಣ್ಣು ಹೊಳೆಯುತ್ತಿತ್ತು. ಶೇಷಾದ್ರಿ ಹೋದ ಮೇಲೆ ಅವರನ್ನು ಹಾಗೆ ಯಾರೂ ನೋಡಿರಲಿಲ್ಲ. ಕೆನನ್ ನಗು ನಿಲ್ಲುವವರೆಗೆ ಕಾದರು.

“ಇನ್ನೊಂದೇ ಮಾತು, ಸ್ವಾಮಿ. ಈ ತೋಳು ನನ್ನದು. ಅರಮನೆ ಹೇಳಿತೆಂದು ಚಾಚುವವನು ನಾನಲ್ಲ. ನನ್ನನ್ನು ಬಿಡಿ. ಅರಮನೆಯ ಆಜ್ಞೆಗೆ ಒಮ್ಮೆಯೂ ತಲೆಬಾಗದ ತಾವು, ಅದೇ ಅರಮನೆಯ ವೈದ್ಯನಿಗೆ ತೋಳು ಒಡ್ಡುವುದೇ? ತಮಗೆ ನಾಚಿಕೆಯಾಗುವುದಿಲ್ಲವೇ?”

ಹರಿಶ್ಚಂದ್ರರು ಉತ್ತರಕ್ಕೆಂದು ಮುಂದಕ್ಕೆ ಬಾಗಿದರು. ಆಮೇಲೆ ಅವರ ಚೌಕದಲ್ಲಿ ಏನೂ ಅಲುಗಾಡಲಿಲ್ಲ. ನಾವು ನೆಟ್‌ವರ್ಕ್ ಹೋಯಿತೆಂದುಕೊಂಡೆವು. ತ್ಯಾಗರಾಜ, “ಅಂಕಲ್ ಫ್ರೀಜ್ ಆಗಿದಾರೆ,” ಎಂದ. ಜಯದೇವ ಮೆಲ್ಲಗೆ ಒಂದು ತಾಳ ಹಾಕಿದ. ಆಗ ಅವರ ಕೈ ಶಾಲನ್ನು ಹೆಗಲಿನಿಂದ ಜಾರದಂತೆ ಹಿಡಿದುಕೊಂಡಿತು. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

“ಕೆನನರೇ,” ಎಂದರು. ಈ ಸಲ ಧ್ವನಿಯಲ್ಲಿ ಹೊಡೆಯುವ ಹುರುಪಿರಲಿಲ್ಲ. “ನನಗೊಬ್ಬ ತಮ್ಮನಿದ್ದ. ಅವನ ಜೊತೆ ಮರದ ಕುದುರೆಯ ಮೇಲೆ ಕೂರುತ್ತಿದ್ದೆ. ರೋಗ ಬಂದ ದಿನ ನನ್ನನ್ನು ಗಾಡಿ ಹತ್ತಿಸಿದರು. ಅವನು ಕಿಟಕಿಯಲ್ಲಿ ನಿಂತು ನಾನೂ ಬರುತ್ತೇನೆಂದು ಕೈ ಬೀಸಿದ. ನನ್ನನ್ನು ಉಳಿಸಿದ್ದು ದೇವರಲ್ಲ, ಗಾಡಿ. ಅವನಿಗೆ ಗಾಡಿ ಸಿಗಲಿಲ್ಲ. ಅಡುಗೆಯವಳ ಮಕ್ಕಳಿಗಂತೂ ಸಿಗುವ ಮಾತೇ ಇರಲಿಲ್ಲ. ಇಂದು ಯಾರೋ ಬಂದು, ಎಲ್ಲರಿಗೂ ಗಾಡಿಯುಂಟು ಎನ್ನುತ್ತಿದ್ದಾನೆ. ಅವನನ್ನು ಕಳಿಸಿದವರು ಯಾರೆಂದು ಕೇಳುತ್ತ ನಿಲ್ಲಲೇ?”

ಒಮ್ಮೆ ಉಸಿರೆಳೆದುಕೊಂಡರು. ಆ ಉಸಿರಿನ ಸೀಟಿ ಪರದೆಯಾಚೆಗೂ ಕೇಳಿಸಿತು.

“ಅರಸ ಹೇಳಿದನೆಂದು ಒಪ್ಪುವವನು ದಾಸ, ನಿಜ. ಅರಸ ಹೇಳಿದನೆಂಬ ಒಂದೇ ಕಾರಣಕ್ಕೆ ತಳ್ಳುವವನು ಯಾರು? ಅವನೂ ದಾಸನೇ, ಕೆನನರೇ. ಇಬ್ಬರೂ ಅರಸನ ಮುಖ ನೋಡಿಯೇ ಮಾತಾಡುತ್ತಾರೆ. ನಾನು ಶಾಲೆ ಮುಚ್ಚೆನೆಂದದ್ದು ಶಾಲೆಯ ಮಕ್ಕಳ ಮುಖ ನೋಡಿ. ಈಗ ತೋಳು ಚಾಚುವುದೂ ಮಕ್ಕಳ ಮುಖ ನೋಡಿಯೇ. ಕುರ್ಚಿ ಹಾಕಿಸಿ.”

ಯಾರೂ ಶಿಳ್ಳೆ ಹೊಡೆಯಲಿಲ್ಲ. ಮಹಡಿಯ ಚೌಕದಲ್ಲಿ ವಿನೋದಾ ಕೈಮುಗಿದರು. “ಸೋತೆ ಸ್ವಾಮಿ,” ಎಂದರು. “ನನ್ನ ಬಳಿ ಉತ್ತರವಿಲ್ಲ. ತಮ್ಮ ನಂತರ ಎರಡನೆಯ ತೋಳು ನನ್ನದು.” ಜಯದೇವ ಮಂಗಳ ಹಾಡಿದ.

ಮಂಗಳ ಮುಗಿದ ಮೇಲೆ ಎಲ್ಲರೂ ಹೊರಡಬೇಕಿತ್ತು. ಯಾರೂ ಹೊರಡಲಿಲ್ಲ. ಪೂಜಿತಾ ಮಾತು ತೆಗೆದಳು.

“ಮಾವ, ಹಾಗಾದ್ರೆ ಅಪಾಯಿಂಟ್‌ಮೆಂಟ್ ಮಾಡ್ಲಾ?”

“ಯಾವುದಕ್ಕೆ?”

“ಅಯ್ಯೋ! ಈಗ ಇಷ್ಟು ಹೇಳಿದ್ದು ಯಾರು?”

“ಅದು ಆರ್ಚ್‌ಬಿಷಪ್ ಹೇಳಿದ್ದು ಪೂಜಿತಾ. ನಾನಲ್ಲ.” ಹರಿಶ್ಚಂದ್ರರು ಶಾಲು ಮಡಿಚತೊಡಗಿದರು. “ಅರ್ಥಧಾರಿ ಆಡಿದ್ದಕ್ಕೆಲ್ಲ ಅವನೇ ಜವಾಬ್ದಾರ ಅಂದ್ರೆ, ಖಳರ ಅರ್ಥ ಹೇಳಿದವರೆಲ್ಲ ಜೈಲಲ್ಲಿ ಇರ್ಬೇಕಿತ್ತು. ನನಗೆ ಒಂದು ನೂರು ವರ್ಷ ಆಗ್ತಿತ್ತು.”

ಪೂಜಿತಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಕ್ಯಾಮೆರಾ ಆಫ್ ಮಾಡುವುದು ಅವಳಿಗೆ ಹೊಳೆಯಲಿಲ್ಲ, ನೋಡದೆ ಇರುವುದು ನಮಗೂ ಆಗಲಿಲ್ಲ. ತಾಳಮದ್ದಳೆಯ ಕಾನೂನಿನ ಪ್ರಕಾರ ಹರಿಶ್ಚಂದ್ರರ ಮಾತು ನೂರಕ್ಕೆ ನೂರು ಸರಿ. ಉಡುಪಿಯ ಸೊಸೆಯಾಗಿಯೂ ಅವಳು ಅದನ್ನು ಮರೆತಿದ್ದಳು.

ಅಷ್ಟರಲ್ಲಿ ಮಹಡಿಯ ಚೌಕ ಖಾಲಿಯಾಗಿತ್ತು. ಮೆಟ್ಟಿಲಿಳಿಯುವ ಸದ್ದು ಹರಿಶ್ಚಂದ್ರರ ಮೈಕಿನಲ್ಲಿ ಕೇಳಿತು. ವಿನೋದಾ ಅವರ ಚೌಕದೊಳಗೆ ಬಂದು, ಗಂಡನ ಪಕ್ಕದ ಕುರ್ಚಿ ಎಳೆದು ಕುಳಿತರು. ಶಾಲು ಇನ್ನೂ ಹೆಗಲ ಮೇಲಿತ್ತು.

“ನೀವು ಹೇಳಿದ್ದು ಸರಿ,” ಎಂದರು. “ಆರ್ಚ್‌ಬಿಷಪ್ ಹೇಳಿದ್ದು ನಿಮ್ಮದಲ್ಲ.”

“ನೋಡು! ನಿನಗೆ ಗೊತ್ತುಂಟು.”

“ಕೆನನ್ ಹೇಳಿದ್ದು ಯಾರದ್ದು?”

ಹರಿಶ್ಚಂದ್ರರು ಶಾಲು ಮಡಿಚುವುದನ್ನು ನಿಲ್ಲಿಸಿದರು.

“ನನಗೆ ಅರ್ಥ ಹೇಳ್ಲಿಕ್ಕೆ ಬರುದಿಲ್ಲ ಅಂತ ನೀವೇ ಹೇಳಿದ್ರಿ. ನಿಜ, ಬರುದಿಲ್ಲ. ಹಾಗೆ ನಾನು ನನ್ನದು ಅಂತ ಒಂದು ಮಾತೂ ಸೇರಿಸ್ಲಿಲ್ಲ. ಹಿಟ್ಟಿನದ್ದು ನಿಮ್ಮದು. ದೋಸೆ ಅಂದ್ರೆ ನಿಮಗೆ ಗುರ್ತ ಸಿಕ್ತದೆ ಅಂತ ರೊಟ್ಟಿ ಮಾಡಿದೆ, ಅಷ್ಟೇ. ಬೆಲ್ಲಿಂದು ನಿಮ್ಮದು. ಆಯುಸ್ಸಿಂದು ನಿಮ್ಮದು. ಕೈ ನನ್ನದು ಅಂದದ್ದು ನಿಮ್ಮದು.” ವಿನೋದಾ ಅವರನ್ನು ನೇರ ನೋಡಿದರು. “ಗೆದ್ದದ್ದು ಆರ್ಚ್‌ಬಿಷಪ್. ಅದು ನೀವಲ್ಲ, ಒಪ್ಪಿದೆ. ಸೋತದ್ದು ಯಾರು?”

ಯುಟ್ರೆಕ್ಟಿನಲ್ಲಿ ಜಯದೇವ ತನ್ನ ಮೈಕು ತೆರೆದಿದೆಯೆಂಬುದನ್ನು ಮರೆತು, “ಅಯ್ಯೋ ದೇವರೇ,” ಎಂದ.

“ಇಲ್ಲ, ಇನ್ನೊಂದು ವಾದ ಉಂಟು,” ಎಂದರು ಹರಿಶ್ಚಂದ್ರರು.

“ಹೇಳಿ.”

“ಈಗ, ನನ್ನ ಪ್ರಾಯದವರಿಗೆ...” ಎಂದು ತೊಡಗಿದರು. ಅರ್ಧಕ್ಕೆ ನಿಂತರು. ಅದಕ್ಕೆ ಕೊಡಬೇಕಾದ ಉತ್ತರ ಅವರಿಗೇ ಹೊಳೆದುಬಿಟ್ಟಿತೆಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಇನ್ನೊಂದನ್ನು ಯೋಚಿಸಿದರು. ಅದಕ್ಕೂ ಉತ್ತರ ಹೊಳೆದಿರಬೇಕು, ಬಾಯಿ ತೆರೆಯಲಿಲ್ಲ. ವಾದಕ್ಕೆ ಪ್ರತಿವಾದ ಕಾಣದೆ ಇರುವ ಸುಖ ದೇವರು ಅವರಿಗೆ ಕೊಟ್ಟಿರಲಿಲ್ಲ. ವಿನೋದಾ ಕಾಯುತ್ತ ಕುಳಿತಿದ್ದರು, ಅವಸರವೇನೂ ಇರಲಿಲ್ಲ.

“ಒಳ್ಳೆ ಹೇಳಿದಿ,” ಎಂದರು ಹರಿಶ್ಚಂದ್ರರು ಕೊನೆಗೆ. ಎದುರಾಳಿಗೆ ಅವರು ಹಾಗೆ ಹೇಳಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. “ನಾಚಿಕೆ ಆಗುದಿಲ್ಲವಾ ಅಂತ ಕೇಳಿದಿ ನೋಡು, ಅಲ್ಲಿ ನನಗೆ ಸ್ವಲ್ಪ ಕಷ್ಟ ಆಯ್ತು.”

“ಗೊತ್ತಾಯ್ತು. ಉಸಿರು ಕೇಳ್ತಾ ಇತ್ತು.”

“ಕೇಳ್ತಾ ಇತ್ತಾ?”

“ಮೇಲೆ ತನಕ.”

ಹರಿಶ್ಚಂದ್ರರು ಪರದೆಯ ಕಡೆ ತಿರುಗಿದರು. ನಾವಿಷ್ಟು ಜನ ಇನ್ನೂ ಅಲ್ಲೇ ಇದ್ದೇವೆಂಬುದನ್ನು ಆಗ ಗಮನಿಸಿದರೆಂದು ತೋರುತ್ತದೆ. “ನಿಮಗೆಲ್ಲ ಮನೆ ಇಲ್ವಾ?” ಎಂದು ಕೇಳಿದರು. ಆಮೇಲೆ ಸೊಸೆಯ ಚೌಕವನ್ನು ಹುಡುಕಿ, “ಪೂಜಿತಾ, ಯಾವ ನಂಬರಿಗೆ ಫೋನ್ ಮಾಡುದು?” ಎಂದರು.

ಅದೇ ತಿಂಗಳ ಕೊನೆಯ ವಾರ, ಮನೆಗೆ ಹತ್ತಿರದ ಲಸಿಕಾ ಕೇಂದ್ರದಲ್ಲಿ, ಹರಿಶ್ಚಂದ್ರರು ಎಡ ತೋಳಿಗೆ ಲಸಿಕೆ ಹಾಕಿಸಿಕೊಂಡರು. ಜ್ವರ ಬರಲಿಲ್ಲ.